ಮೂವತ್ತೇಳು ಸುತ್ತಿಗೆ ಒಂದು ಉರುಳು

ಮಳೆಗಾಲದ ಬೆಳಗ್ಗೆ ನಮ್ಮನೆಯ ಬಚ್ಚಲೊಲೆಯ ದಂಡೆ ಮೇಲೆ ನಾಲ್ಕು ಸ್ಪಾರ್ಕ್ ಪ್ಲಗ್ಗು ಸಾಲಾಗಿ ಕೂತಿದ್ದರೆ ಅವತ್ತು ಯಾರಿಗೋ ಎಲ್ಲಿಗೋ ಹೋಗುವುದಿದೆ ಎಂದೇ ಅರ್ಥ. ಆರಿದ್ರೆ ಮಳೆ ಹಿಡಿಯಿತೆಂದರೆ ಬ್ಯಾಕೋಡಿನ ಕಡೆ ಗೋಡೆ ಬೆವರುತ್ತದೆ, ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿ ಗೀರಿದರೆ ಮದ್ದೇ ಕಿತ್ತು ಬರುತ್ತದೆ. ಅಂಥದ್ದರಲ್ಲಿ ಪೆಟ್ರೋಲ್ ಜೀಪಿಗೆ ಕಿಡಿ ಹೇಗೆ ಹತ್ತೀತು? ಅದಕ್ಕೇ ಪ್ಲಗ್ಗು ಬಿಚ್ಚಿ ಒಲೆಯ ಬಿಸಿಗೆ ಇಡುವುದು. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡೆಲ್ಕೊದ ಮುಚ್ಚಳವನ್ನು ಹಳೆ ಪಂಚೆಯ ತುಂಡಲ್ಲಿ ಒರೆಸಿ ಅದನ್ನೂ ಒಂದು ಗಳಿಗೆ ಬೆಚ್ಚಗೆ ಮಾಡುವುದು. ಒಳಗಿನಿಂದ ಅಮ್ಮನ ಮಾತು ಬರುತ್ತದೆ: "ಹಂಡೆ ನೀರು ಕಾಯೋ ಮೊದ್ಲು ನಿಮ್ಮ ಜೀಪು ಕಾಯ್ತದೆ."

ಬೆಚ್ಚಗಾದ ಪ್ಲಗ್ಗು ಕೂರಿಸಿ, ವಯರುಗಳನ್ನು ಒಂದು, ಮೂರು, ನಾಲ್ಕು, ಎರಡು ಎಂಬ ಕ್ರಮಕ್ಕೆ ಸರಿಯಾಗಿ ಸಿಕ್ಕಿಸಬೇಕು. ಈ ಕ್ರಮವನ್ನು ಅಪ್ಪಯ್ಯ ನನಗೆ ಮಗ್ಗಿಯ ಜೊತೆಗೇ ಕಲಿಸಿದ್ದು. ಆಮೇಲೆ ಮುಂದಿನ ತೂತಿನಿಂದ ಹ್ಯಾಂಡಲ್ ತೂರಿಸಿ ಕೆಳಗಿಂದ ಮೇಲಕ್ಕೆ ಎಳೆಯುವುದು. ಹೆಬ್ಬೆರಳು ಉಳಿದ ನಾಲ್ಕು ಬೆರಳಿನ ಪಕ್ಕದಲ್ಲೇ ಇರಬೇಕು, ಹ್ಯಾಂಡಲನ್ನು ಬಳಸಿ ಹಿಡಿಯಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಬುಡದಲ್ಲಿ ಮುರಿಯುತ್ತದೆ. ಮಲೆನಾಡಿನ ಹಳೇ ಜೀಪು ಡ್ರೈವರುಗಳ ಕೈ ನೋಡಿದರೆ ಯಾರು ಈ ಪಾಠ ಕೇಳಿದ್ದರು, ಯಾರು ಕೇಳಿರಲಿಲ್ಲ ಎಂದು ಗೊತ್ತಾಗುತ್ತದೆ.

ಕಳೆದ ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ನೆಂಟರ ಹುಡುಗನೊಬ್ಬ ಜಗಲಿಯಲ್ಲಿ ಕೂತು ಅಮೆರಿಕದ 'ಮಸಲ್ ಕಾರ್'ಗಳ ವಿಡಿಯೊ ತೋರಿಸಿದ. ಮನೆಯ ಶೆಡ್ಡಿನಲ್ಲೇ ಬಿಚ್ಚಿ, ತೊಳೆದು, ಮತ್ತೆ ಜೋಡಿಸುವವರ ವಿಡಿಯೊ. ಈ ಜಾತಿಯ ಕಾರುಗಳಿಗೆ ಮೂಲಪುರುಷ ಎಂದು ಸಾಮಾನ್ಯವಾಗಿ ಹೇಳುವುದು 1964ರ ಪಾಂಟಿಯಾಕ್ ಜಿಟಿಒ ಕಾರನ್ನು. ಮಧ್ಯಮ ಗಾತ್ರದ ಕಾರೊಂದರ ಮೂತಿಯೊಳಗೆ 389 ಘನ ಅಂಗುಲದ, ಎಂಟು ಸಿಲಿಂಡರಿನ ದೈತ್ಯ ಎಂಜಿನ್ ತುರುಕಿದರು. ಸುಮಾರು 6.4 ಲೀಟರ್, 325 ಅಶ್ವಶಕ್ತಿ. ನೇರ ರಸ್ತೆಯಲ್ಲಿ ಕಾಲು ಮೈಲಿಯನ್ನು ಯಾರು ಮೊದಲು ಮುಗಿಸುತ್ತಾರೆ ಎಂಬುದೇ ಅದರ ಜನ್ಮೋದ್ದೇಶ. "ನಮ್ಮಲ್ಲಿ ಇಂಥದ್ದು ಇಲ್ವಲ್ಲ ದೊಡ್ಡಪ್ಪ" ಅಂದ ಹುಡುಗ. ಕೊಟ್ಟಿಗೆಯ ಪಕ್ಕದಲ್ಲಿ, ಅಡಿಕೆ ಹಾಳೆಯೊಂದನ್ನು ಹೊಟ್ಟೆಯಡಿ ಇಟ್ಟುಕೊಂಡು ನಿಂತಿದ್ದ ನಮ್ಮ ಜೀಪು ಅವನ ಬೆನ್ನ ಹಿಂದೆಯೇ ಇತ್ತು. ಹಾಳೆ ಯಾಕೆಂದರೆ, ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನಿಂದ ತೊಟ್ಟಿಕ್ಕುವ ಆಯಿಲ್ ಹಿಡಿಯಲು.

1964 ಎಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಬೇರೆಯೇ. ಲಿಂಗನಮಕ್ಕಿ ಅಣೆಕಟ್ಟು ಮುಗಿದ ವರ್ಷ ಅದು. ಅತ್ತ ನೇರ ರಸ್ತೆಯ ಮೇಲೆ ಇನ್ನೂ ಜೋರಾಗಿ ಓಡುವುದು ಹೇಗೆ ಎಂದು ಅವರು ಯೋಚಿಸುತ್ತಿದ್ದಾಗ ಇತ್ತ ಶರಾವತಿಯ ನೀರು ಗದ್ದೆ, ತೋಟ, ದೇವಸ್ಥಾನಗಳ ಜೊತೆಗೆ ಇದ್ದಬದ್ದ ರಸ್ತೆಗಳನ್ನೂ ನುಂಗುತ್ತಿತ್ತು. ತುಮರಿ, ಬ್ಯಾಕೋಡು, ಸಿಗಂದೂರಿನ ಕಡೆಯವರಿಗೆ ಸಾಗರ ಪೇಟೆ ಎದುರುದಂಡೆಯಾಯಿತು. ನಡುವೆ ಉಳಿದಿದ್ದು ಹೊಳೆಬಾಗಿಲಿನ ಲಾಂಚ್. ದಂಡೆಯ ಈಚೆ ಉಳಿದಿದ್ದು ಮಣ್ಣಿನ ಏರು, ಹಳ್ಳ, ಒಡ್ಡು. ಅಲ್ಲಿ 325 ಕುದುರೆಗಳಿಂದ ಏನೂ ಪ್ರಯೋಜನವಿಲ್ಲ. ಬೇಕಾದದ್ದು ಎಪ್ಪತ್ತರ ಆಸುಪಾಸಿನ ಕುದುರೆ, ಆದರೆ ಹೇಳಿದ ಮಾತು ಕೇಳುವಂಥದ್ದು.

ಹುಡುಗನಿಗೆ ಒಂದು ಲೆಕ್ಕ ಹೇಳಿದೆ. ನಮ್ಮದು ಸಿಜೆ-3ಬಿ. ಅದರ ಫಸ್ಟ್ ಗೇರಿನ ಅನುಪಾತ ಸುಮಾರು 2.80. ಟ್ರಾನ್ಸ್‌ಫರ್ ಕೇಸನ್ನು ಲೋ ಗೇರಿಗೆ ಎಳೆದರೆ 2.46. ಆಕ್ಸಲ್ ಹೌಸಿಂಗಿನೊಳಗಿನ ಕ್ರೌನ್ ಪಿನಿಯನ್ 5.38. ಮೂರನ್ನೂ ಗುಣಿಸು. ಮೂವತ್ತೇಳು ಬರುತ್ತದೆ. ಎಂಜಿನ್ ಮೂವತ್ತೇಳು ಸುತ್ತು ಸುತ್ತಿದರೆ ಚಕ್ರ ಒಂದು ಸಲ ಉರುಳುತ್ತದೆ. ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತಿನಲ್ಲಿ ಗುನುಗುತ್ತಿದ್ದರೆ ಜೀಪು ಗಂಟೆಗೆ ಮೂರೂವರೆ ಕಿಲೋಮೀಟರಿನಂತೆ, ಅಂದರೆ ಹೆಡಿಗೆ ಹೊತ್ತ ಆಳಿನ ನಡಿಗೆಯಲ್ಲಿ, ನಾಲ್ಕೂ ಚಕ್ರ ನೆಲಕ್ಕೆ ಕಚ್ಚಿಸಿಕೊಂಡು ಗುಡ್ಡ ಹತ್ತುತ್ತದೆ. ತಾಕತ್ತು ಎಂಬುದನ್ನು ಅವರು ವೇಗವಾಗಿ ಖರ್ಚು ಮಾಡಿದರು, ನಾವು ನಿಧಾನವಾಗಿ. ಹುಡುಗ ಒಪ್ಪಿದನೋ ಇಲ್ಲವೋ, ಮಾರನೆಯ ದಿನ ಸ್ಪ್ಯಾನರ್ ಹಿಡಿದು ಬಂದ.

ಈ ಜೀಪಿನ ವಂಶಾವಳಿಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧಕ್ಕೆಂದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಲಕ್ಷಗಟ್ಟಲೆ ಜೀಪು ಮಾಡಿದವು. ಯುದ್ಧ ಮುಗಿದ ಮೇಲೆ ಸೈನ್ಯ ಬಿಟ್ಟುಹೋದ ಗಾಡಿಗಳು 'ಡಿಸ್ಪೋಸಲ್' ಹೆಸರಿನಲ್ಲಿ ಹರಾಜಾಗಿ ಭಾರತದ ಎಸ್ಟೇಟು, ಕಾಡು, ಗಣಿಗಳನ್ನು ಸೇರಿದವು. ಅವುಗಳ ಸ್ಟೇರಿಂಗ್ ಎಡಗಡೆ ಇತ್ತು. 1945ರಲ್ಲಿ ಶುರುವಾದ ಮಹೀಂದ್ರ ಕಂಪನಿ 1947ರಿಂದ ವಿಲ್ಲಿಸ್ ಜೀಪುಗಳನ್ನು ಇಲ್ಲೇ ಜೋಡಿಸತೊಡಗಿತು. ಅಮೆರಿಕದಲ್ಲಿ 1953ರಲ್ಲಿ ಹುಟ್ಟಿದ ಸಿಜೆ-3ಬಿ ಅಲ್ಲಿ 1968ಕ್ಕೆ ನಿಂತುಹೋಯಿತು. ನಮ್ಮಲ್ಲಾದರೋ ಅದೇ ಮೈಕಟ್ಟು ಆಮೇಲೂ ದಶಕಗಳ ಕಾಲ ತಯಾರಾಯಿತು. ಅದರ ಬಾನೆಟ್ಟು ಅಷ್ಟು ಎತ್ತರ ಯಾಕೆ ಎಂದು ಕೇಳುವವರಿದ್ದಾರೆ. ಹಳೆಯ ಎಂಜಿನ್ನಿನಲ್ಲಿ ಎರಡೂ ಬಗೆಯ ವಾಲ್ವುಗಳು ಬ್ಲಾಕಿನಲ್ಲೇ ಇದ್ದವು. ಈ 'ಹರಿಕೇನ್' ಎಂಜಿನ್ನಿನಲ್ಲಿ ಉಸಿರೆಳೆಯುವ ವಾಲ್ವನ್ನು ಮೇಲೆ ಹೆಡ್ಡಿಗೆ ಏರಿಸಿದರು, ಹೊಗೆ ಬಿಡುವ ವಾಲ್ವನ್ನು ಕೆಳಗೇ ಬಿಟ್ಟರು. ಎಂಜಿನ್ ಎತ್ತರವಾಯಿತು, ಬಾನೆಟ್ಟೂ ಏರಿತು. ಕೆಳಗಿನ ವಾಲ್ವಿನ ಬಿಗಿತ ನೋಡಬೇಕಾದರೆ ಪಕ್ಕದ ತಗಡು ಬಿಚ್ಚಿ, ಸೈಲೆನ್ಸರಿನ ಬುಡಕ್ಕೆ ಮೊಣಕೈ ತಾಗಿಸದೆ ಕೈ ತೂರಿಸಬೇಕು. ನನ್ನ ಬಲಗೈ ಮೇಲಿನ ಎರಡು ಕಲೆ ಆ ಕೆಲಸದ್ದು.

ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವುದನ್ನು ಪೇಟೆಯವರು ಹವ್ಯಾಸ ಅನ್ನುತ್ತಾರೆ. ನಮಗೆ ಅದು ಬಂದದ್ದು ಲಾಂಚಿನಿಂದ. ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಮುಗಿಯಿತು. ಗಾಳಿಮಳೆ ಜೋರಿದ್ದರೆ ನಿಲ್ಲುತ್ತಿತ್ತು, ಬಿರುಬೇಸಿಗೆಯಲ್ಲಿ ನೀರು ಇಳಿದರೆ ಜನರನ್ನು ಮಾತ್ರ ದಾಟಿಸಿ ವಾಹನ ಬೇಡವೆನ್ನುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಹೆರಿಗೆ ನೋವೋ ಹಾವು ಕಡಿತವೋ ಬಂದರೆ ಕೋಗಾರಿನ ಮೇಲೋ ನಾಗೋಡಿಯ ಮೇಲೋ ಕಾಡು ಸುತ್ತಬೇಕಿತ್ತು. ಗ್ಯಾರೇಜಿಗೆ ತಲುಪುವ ಗಾಡಿಗೆ ರಿಪೇರಿ ಬೇಕಿರುವುದಿಲ್ಲ, ರಿಪೇರಿ ಬೇಕಾದ ಗಾಡಿ ಗ್ಯಾರೇಜಿಗೆ ತಲುಪುವುದಿಲ್ಲ. ಹಾಗಾಗಿ ಜೀಪು ಇದ್ದ ಮನೆಯಲ್ಲಿ ಅರ್ಧ ಮೆಕ್ಯಾನಿಕ್ ಇರಲೇಬೇಕಿತ್ತು. ಉಳಿದರ್ಧ ಪಕ್ಕದ ಮನೆಯಲ್ಲಿರುತ್ತಿದ್ದ.

ಮತ್ತೆ, ಆ ಜೀಪನ್ನು ಮಾಡಿದ್ದೇ ಹಾಗೆ. ಯುದ್ಧಭೂಮಿಯಲ್ಲಿ ಸಾಮಾನ್ಯ ಸಿಪಾಯಿಯೂ ಬಿಚ್ಚಿ ಕಟ್ಟಬಹುದಾಗಿದ್ದ ಗಾಡಿಯ ವಂಶ ಅದು. ಕೆಲವೇ ಸೈಜಿನ ಸ್ಪ್ಯಾನರು, ಒಂದು ಸ್ಕ್ರೂಡ್ರೈವರು, ಸುತ್ತಿಗೆ, ಕಟಿಂಗ್ ಪ್ಲೇಯರ್ ಇದ್ದರೆ ಮುಕ್ಕಾಲು ಜೀಪು ಅಂಗಳಕ್ಕೆ ಬರುತ್ತದೆ. ಡೆಲ್ಕೊ ಪಾಯಿಂಟಿನ ಸಂದು ಒಂದು ಇಂಚಿನ ಸಾವಿರ ಭಾಗದಲ್ಲಿ ಇಪ್ಪತ್ತು, ಪ್ಲಗ್ಗಿನ ಸಂದು ಸಾವಿರ ಭಾಗದಲ್ಲಿ ಮೂವತ್ತು ಎಂದು ಪುಸ್ತಕ ಹೇಳುತ್ತದೆ. ಗೇಜು ಇಲ್ಲದ ಕಾಲದಲ್ಲಿ ಅಪ್ಪಯ್ಯ ಪಾಯಿಂಟಿಗೆ ಪೋಸ್ಟ್ ಕಾರ್ಡು ಮಡಚಿ ಅಂದಾಜು ಹಿಡಿಯುತ್ತಿದ್ದ. ಗ್ಯಾಸ್ಕೆಟ್ ಹರಿದರೆ ಲಗ್ನಪತ್ರಿಕೆಯ ದಪ್ಪ ರಟ್ಟನ್ನು ಕವರಿನ ಮೇಲಿಟ್ಟು, ಗುಂಡು ಸುತ್ತಿಗೆಯಿಂದ ಅಂಚಿಗುಂಟ ಹಗುರವಾಗಿ ತಟ್ಟುತ್ತ ಹೋಗುವುದು. ಬೋಲ್ಟಿನ ತೂತು ಸಮೇತ ಅಚ್ಚು ಬೀಳುತ್ತದೆ. ಎರಡೂ ಕಡೆ ಗ್ರೀಸು ಸವರಿ ಬಿಗಿದರೆ ಆಯ್ತು. ಯಾರದೋ ಮನೆಯ ಮದುವೆ ಕಾಗದ ಇವತ್ತಿಗೂ ನಮ್ಮ ಹಿಂದಿನ ಹೌಸಿಂಗಿನ ಕವರಿನೊಳಗೆ ಇದೆ.

ಎಲ್ಲ ಕಾಯಿಲೆಗೂ ಕೈಮದ್ದು ಸಿಕ್ಕಿಬಿಡುತ್ತದೆ ಎಂದಲ್ಲ. ಒಮ್ಮೆ ಎರಡು ತಿಂಗಳು ಜೀಪು ನಮ್ಮನ್ನು ಆಡಿಸಿತು. ಮನೆಯಿಂದ ಹೊರಟು ನಾಲ್ಕೈದು ಕಿಲೋಮೀಟರು ಚೆನ್ನಾಗಿ ಓಡುವುದು, ಆಮೇಲೆ ಕೆಮ್ಮಿ ನಿಲ್ಲುವುದು. ಹತ್ತು ನಿಮಿಷ ಬಿಟ್ಟರೆ ಏನೂ ಆಗದವರಂತೆ ಸ್ಟಾರ್ಟು. ಮತ್ತೆ ನಾಲ್ಕು ಕಿಲೋಮೀಟರು. ನಿಂತಲ್ಲೆಲ್ಲ ಒಬ್ಬೊಬ್ಬರು ವೈದ್ಯರು ಸಿಕ್ಕರು. ಪೆಟ್ರೋಲು ಬಿಸಿಗೆ ಆವಿಯಾಗಿ ಪೈಪು ಕಟ್ಟುತ್ತಿದೆ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಎಂದರು ಒಬ್ಬರು. ಸುತ್ತಿದೆವು. ಜೀಪಿಗೆ ಜ್ವರ ಬಂದ ಹಾಗೆ ಕಾಣುತ್ತಿತ್ತು, ಗುಣವಾಗಲಿಲ್ಲ. ಕಂಡೆನ್ಸರ್ ಬಿಸಿಯಾಗಿ ಕೈಕೊಡುತ್ತಿದೆ ಎಂದರು ಇನ್ನೊಬ್ಬರು. ಬದಲಿಸಿದೆವು. ಕಾರ್ಬುರೇಟರ್ ಬಿಚ್ಚಿ ಜೆಟ್ಟು ಊದಿದೆವು, ಪಂಪಿನ ಡಯಾಫ್ರಂ ಹೊಸದು ಹಾಕಿದೆವು, ಟ್ಯಾಂಕು ಇಳಿಸಿ ತೊಳೆದೆವು. ಡ್ರೈವರ್ ಸೀಟಿನಡಿಯಲ್ಲೇ ಅದರ ಟ್ಯಾಂಕು. ಅದನ್ನು ತೊಳೆದ ದಿನ ಮನೆಯಲ್ಲಿ ಒಲೆ ಹಚ್ಚಲು ಅಮ್ಮ ಬಿಡಲಿಲ್ಲ, ಅವಲಕ್ಕಿಯಲ್ಲಿ ಮುಗಿಸಿದೆವು.

ಕೊನೆಗೊಂದು ದಿನ ಸುಳ್ಳಳ್ಳಿಯ ಹತ್ತಿರ ನಿಂತಾಗ, ಪೆಟ್ರೋಲು ಎಷ್ಟಿದೆ ನೋಡೋಣವೆಂದು ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಹಾವು ಬುಸುಗುಟ್ಟಿದಂತೆ ಗಾಳಿ ಒಳಗೆ ಎಳೆದುಕೊಂಡಿತು. ಮುಚ್ಚಳ ತೆಗೆದ ಕೂಡಲೇ ಹ್ಯಾಂಡಲಿನ ಒಂದೇ ಎಳೆತಕ್ಕೆ ಎಂಜಿನ್ ಹತ್ತಿತು. ಮುಚ್ಚಳ ಮಗುಚಿ ನೋಡಿದರೆ ಉಸಿರಾಡುವ ಸಣ್ಣ ತೂತಿನ ಬಾಯಿಗೆ ಗೋಲಿಯಷ್ಟು ಮಣ್ಣು. ಕುಂಬಾರ ಹುಳ ಗೂಡು ಕಟ್ಟಿತ್ತು! ಪೆಟ್ರೋಲು ಇಳಿದಂತೆ ಅದರ ಜಾಗಕ್ಕೆ ಗಾಳಿ ಹೋಗಬೇಕಲ್ಲ. ಹೋಗದೆ ಟ್ಯಾಂಕಿನೊಳಗೆ ನಿರ್ವಾತವಾಗಿ, ಪಂಪು ಎಷ್ಟು ಜಗ್ಗಿದರೂ ಪೆಟ್ರೋಲು ಏರುತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ಎಲ್ಲಿಂದಲೋ ಗಾಳಿ ನುಸುಳಿ ಮತ್ತೆ ಸರಿಹೋಗುತ್ತಿತ್ತು. ಟ್ಯಾಂಕು ತೊಳೆದಾಗ ಅದೇ ಮುಚ್ಚಳವನ್ನು ಜಗಲಿಯ ಮೇಲೆ ಜೋಪಾನವಾಗಿ ಎತ್ತಿಟ್ಟು ಅದನ್ನೇ ಮತ್ತೆ ಬಿಗಿದಿದ್ದೆವು. ಅಪ್ಪಯ್ಯ ಅಂದಿದ್ದಿಷ್ಟು: "ಎರಡು ತಿಂಗಳು ನಾವೆಲ್ಲ ಎಂಜಿನ್ ಕಡೆ ನೋಡ್ತಿದ್ವು ಮಾರಾಯ. ಅದರ ಬೆನ್ನ ಕಡೆ ಯಾರೂ ನೋಡ್ಲಿಲ್ಲ." ಈಗ ಅಡಿಕೆ ಕೊಯ್ಲು ಮುಗಿದ ಕೂಡಲೇ ಸಣ್ಣ ತಂತಿ ಹಿಡಿದು ಜೀಪಿನ ಎಲ್ಲ ತೂತುಗಳ ಪರಿಶೀಲನೆ ನಡೆಯುತ್ತದೆ. ಚಾಸಿಯಲ್ಲಿ ನೀರಿಳಿಯಲು ಬಿಟ್ಟ ತೂತುಗಳೂ ಅದರಲ್ಲಿ ಸೇರಿವೆ. ಅವು ಕಟ್ಟಿಕೊಂಡರೆ ಚಾಸಿ ಒಳಗಿನಿಂದ ಕೊಳೆಯುತ್ತದೆ.

ನಮ್ಮ ಕಡೆ ಜೀಪಿನ ನಿಜವಾದ ಶತ್ರು ತುಕ್ಕು. ಸ್ಪೇರು ಸಿಗದಿದ್ದರೂ ನಡೆದೀತು, ತಗಡು ಉಳಿಯದಿದ್ದರೆ ಏನೂ ಇಲ್ಲ. ಕಾಲಿಡುವ ತಳ ಮೊದಲು ಹೋಗುತ್ತದೆ, ಆಮೇಲೆ ಬ್ಯಾಟರಿಯ ಅಡಿ. ಮೃಗಶಿರ ಮಳೆಗೆ ಮುಂಚೆ ಜೀಪನ್ನು ಜಾಕಿ ಕೊಟ್ಟು ದಿಮ್ಮಿಗಳ ಮೇಲೆ ನಿಲ್ಲಿಸಿ, ಕೆಸರು ಕೆರೆದು, ಬಿಸಿಲಿಗೆ ಒಣಗಿಸಿ, ಚಾಸಿಗೆ ಸುಟ್ಟ ಆಯಿಲ್ ಬಳಿಯುವುದು ಪದ್ಧತಿ. ಉಳಿದ ಆಯಿಲ್ ಬೇಲಿ ಗೂಟಗಳ ಬುಡಕ್ಕೆ, ಗೆದ್ದಲಿಗೆಂದು. ರಬ್ಬರಿಗೆ ತಾಗಬಾರದು, ಬ್ರೇಕ್ ಪೈಪಿಗೆ ತಾಗಿದರೆ ಉಬ್ಬುತ್ತದೆ. ತುಕ್ಕು ಬಿಟ್ಟರೆ ಧೂಳು. ಏರ್ ಕ್ಲೀನರಿನಲ್ಲಿ ಕಾಗದದ ಫಿಲ್ಟರ್ ಇಲ್ಲ. ಗಾಳಿ ಒಂದು ಬಟ್ಟಲು ಆಯಿಲ್ ಮೇಲೆ ಹಾದು ಧೂಳನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಬೇಸಿಗೆಯ ಕೆಂಪು ಧೂಳಿಗೆ ಆ ಆಯಿಲ್ ಹದಿನೈದು ದಿನದಲ್ಲಿ ರಾಗಿ ಅಂಬಲಿಯಾಗುತ್ತದೆ. ತೊಳೆದು ಹೊಸದು ಹಾಕುವುದಷ್ಟೇ ಖರ್ಚು.

ಬ್ರೇಕಿನ ವಿಷಯಕ್ಕೆ ಬಂದರೆ ನಾನು ಹಳತನ್ನು ಹೊಗಳುವವನಲ್ಲ. ನಾಲ್ಕು ಚಕ್ರಕ್ಕೂ ಒಂದೇ ಆಯಿಲಿನ ದಾರಿ. ಒಂದು ಪೈಪು ಸೋರಿದರೆ ನಾಲ್ಕೂ ಹೋದವು. ಹಳ್ಳ ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು, ಕೆಸರು. ಪೆಡಲನ್ನು ಹಗುರವಾಗಿ ಒತ್ತಿಕೊಂಡೇ ಸ್ವಲ್ಪ ದೂರ ಓಡಿಸಿ ಒಣಗಿಸದಿದ್ದರೆ ಮುಂದಿನ ತಿರುವಿನಲ್ಲಿ ದೇವರೇ ಗತಿ. ಹ್ಯಾಂಡ್ ಬ್ರೇಕ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ, ಶಾಫ್ಟ್ ಹೊರಬರುವ ಜಾಗದಲ್ಲಿ. ಅಲ್ಲಿನ ಸೀಲು ಸೋರಿದರೆ ಆಯಿಲ್ ನೇರ ಬ್ರೇಕ್ ಲೈನರಿಗೆ. ಲಾಂಚಿನ ಮೇಲೆ ಜೀಪು ನಿಲ್ಲಿಸಿದ ಕೂಡಲೇ ಚಕ್ರಕ್ಕೆ ಕಲ್ಲು ಕೊಡುವ ಅಭ್ಯಾಸ ನಮ್ಮಲ್ಲಿ ಬಂದದ್ದು ಸುಮ್ಮನೆ ಅಲ್ಲ. ಕೊಲ್ಲೂರು ಘಾಟಿ ಇಳಿಯುವಾಗ ಸೆಕೆಂಡ್ ಗೇರಿನಲ್ಲಿ ಎಂಜಿನ್ನೇ ಹಿಡಿಯಬೇಕು, ಕಾಲು ಹಿಡಿಯುತ್ತದೆ ಎಂದು ನಂಬಬಾರದು. ಫಸ್ಟಿಗೆ ಹಾಕಬೇಕಾದರೆ ಮೊದಲೇ ಹಾಕಿಕೊಳ್ಳಬೇಕು, ಆ ಗೇರಿಗೆ ಸಿಂಕ್ರೊ ಇಲ್ಲ. ಕ್ಲಚ್ಚು ಎರಡು ಸಲ ತುಳಿದು, ನಡುವೆ ಆಕ್ಸಿಲರೇಟರ್ ಕೊಟ್ಟು, ಹಲ್ಲು ಹಲ್ಲಿಗೆ ಹೊಂದಿಸಿ ತಳ್ಳಬೇಕು. ಕೊಡಚಾದ್ರಿಗೆ ಯಾತ್ರಿಕರನ್ನು ಹತ್ತಿಸುವ ಬಾಡಿಗೆ ಜೀಪಿನವರನ್ನು ನೋಡಿ. ಆ ಕಲ್ಲುಬಂಡೆಯ ದಾರಿಯಲ್ಲಿ ಅವರ ಎಡಗೈ ಗೇರಿನ ಮೇಲೆ ಆಡುವುದು ಮದ್ದಳೆಯ ಮೇಲೆ ಆಡಿದಂತೆ.

ಅವರ ಜೀಪುಗಳು ಡೀಸೆಲ್ಲಿನವು. ಎಂಬತ್ತರ ದಶಕದಲ್ಲಿ 2,112 ಸಿಸಿಯ ಪ್ಯೂಜೊ ಡೀಸೆಲ್ ಎಂಜಿನ್ ಬಂದ ಮೇಲೆ ಮಲೆನಾಡಿನ ಪೆಟ್ರೋಲ್ ಜೀಪುಗಳ ಕಾಲ ಮುಗಿಯಿತು. ಲೀಟರಿಗೆ ಏಳೆಂಟು ಕಿಲೋಮೀಟರಿನ ಪೆಟ್ರೋಲನ್ನು ಯಾರು ಕುಡಿಸಿಯಾರು? ಎಷ್ಟೋ ಮನೆಯವರು ಹಳೇ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದರು. ಇಳಿಸಿದ್ದನ್ನು ತೋಟಕ್ಕೆ ನೀರೆತ್ತಲು ಹಚ್ಚಿದವರೂ ಇದ್ದಾರೆ, ಗುಜರಿಗೆ ತೂಕಕ್ಕೆ ಹಾಕಿದವರೂ ಇದ್ದಾರೆ. ಈಗ ಅದೇ ಪೆಟ್ರೋಲ್ ಎಂಜಿನ್ನಿಗೆ ಬೆಂಗಳೂರಿನಿಂದ ಹುಡುಕಿಕೊಂಡು ಬರುತ್ತಾರೆ. ಸ್ಪೇರಿಗೆ ನಾವು ಅವರ ಊರಿನ ಜೆ.ಸಿ. ರಸ್ತೆ, ಶಿವಾಜಿನಗರ ಅಲೆಯುತ್ತೇವೆ, ಅವರು ನಮ್ಮ ಕೊಟ್ಟಿಗೆ ಅಲೆಯುತ್ತಾರೆ. ಹರಿಯಾಣದ ಮಂಡಿ ಡಬ್ವಾಲಿಯಲ್ಲಂತೂ ಹಳೇ ಭಾಗಗಳಿಂದ ಹೊಸ ಜೀಪು ಕಟ್ಟಿಕೊಡುವುದೇ ಒಂದು ಊರಿನ ಕಸುಬಾಗಿ ಬೆಳೆದಿದೆ. ನೋಡಲು ಚೆಂದ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿ ಕೊಟ್ಟ ಸ್ವರೂಪವನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು.

ಕಾಗದಪತ್ರದ ಗೋಳು ಬೇರೆ. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿ ತಂದಿತು. ನಂಬರಿನಲ್ಲಿ 'ವಿಎ' ಎಂಬ ಅಕ್ಷರ, ಶುಲ್ಕ 20,000 ರೂಪಾಯಿ. ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ನಮ್ಮ ಜೀಪಿಗೆ ವಯಸ್ಸೂ ಇದೆ, ಮೂಲರೂಪವೂ ಇದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಡಿಕೆ ಚೀಲ, ಗೊಬ್ಬರ, ಗ್ಯಾಸ್ ಸಿಲಿಂಡರು, ಹುಷಾರಿಲ್ಲದ ಅಜ್ಜಿ ಇವನ್ನೆಲ್ಲ ಹೊರದ ಜೀಪು ನಮಗೇಕೆ? ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಕ್ಕೆ ಹೋದಾಗಲೆಲ್ಲ ಅಲ್ಲಿನ ಹಳೇ ಕಾರುಗಳ ಹೊಳಪು ನೋಡಿ ಖುಷಿಪಡುತ್ತೇನೆ. ನಮ್ಮದನ್ನು ಹಾಗೆ ನಿಲ್ಲಿಸುವ ಆಸೆ ಹುಟ್ಟಿಲ್ಲ. ಹಾಗಾಗಿ ಹಳೇ ಆರ್‌ಸಿಯನ್ನೇ ನವೀಕರಿಸುತ್ತ ಬಂದಿದ್ದೇವೆ. ಆ ಶುಲ್ಕವೂ 2022ರಲ್ಲಿ 600ರಿಂದ 5,000ಕ್ಕೆ ಹಾರಿತು, 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಗಾಡಿಗಳಿಗೆ 10,000 ಆಯಿತು. ಜೊತೆಗೆ ಬಂಕುಗಳಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲು. ಹಳೇ ರಬ್ಬರು, ಡಯಾಫ್ರಂಗಳಿಗೆ ಅದು ಆಗಿಬರುವುದಿಲ್ಲ. ಎಥನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮಲ್ಲಿ ತೇವಕ್ಕೆ ಬರವೇ? ಜೀಪು ವಾರಗಟ್ಟಲೆ ನಿಲ್ಲುವ ಆಷಾಢದಲ್ಲಿ ಕಾರ್ಬುರೇಟರಿನ ಬಟ್ಟಲು ಖಾಲಿ ಮಾಡಿಡುವುದು ಹೊಸದಾಗಿ ಸೇರಿದ ಕೆಲಸ.

2025ರ ಜುಲೈ 14ರಂದು ಕಳಸವಳ್ಳಿ–ಅಂಬಾರಗೋಡ್ಲು ಸೇತುವೆ ಉದ್ಘಾಟನೆಯಾಯಿತು. ಸುಮಾರು 2.44 ಕಿಲೋಮೀಟರು ಉದ್ದ, ನಡುವೆ ಹಗ್ಗದಂಥ ಕೇಬಲ್ಲುಗಳ ಆಸರೆ. ಅರವತ್ತು ವರ್ಷ ಕಾದ ಸೇತುವೆ. ಅಂಬುಲೆನ್ಸ್ ಈಗ ಮಧ್ಯರಾತ್ರಿಯೂ ದಾಟುತ್ತದೆ, ಅದರ ಮುಂದೆ ಜೀಪಿನ ಕತೆ ಏನೂ ಅಲ್ಲ. ಸಾಗರದ ಮೆಕ್ಯಾನಿಕ್ಕು ಫೋನಿನಲ್ಲಿ ಹೇಳಿದ, "ಇನ್ನು ಎಂತಕ್ಕೆ ಅಲ್ಲೇ ಬಿಚ್ಕಂಡು ಕೂರ್ತೀರಿ, ತಂದ್ಬಿಡಿ ಇಲ್ಲಿಗೆ." ಅವನು ಹೇಳಿದ್ದು ಸರಿ. ನಾವು ಹೊರಟಿದ್ದೂ ಹೌದು, ನವೆಂಬರಿನ ಒಂದು ಭಾನುವಾರ, ಅಪ್ಪಯ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಎಂಬತ್ತಾರರ ಅಪ್ಪಯ್ಯ ಸೇತುವೆಯ ಮೇಲೆ ತನ್ನ ಜೀಪಿನಲ್ಲೇ ಹೋಗಬೇಕೆಂದು ಹಟ ಹಿಡಿದಿದ್ದ.

ಅಷ್ಟು ಉದ್ದದ, ಅಷ್ಟು ನೇರದ, ಅಷ್ಟು ನುಣುಪಾದ ರಸ್ತೆಯನ್ನು ನಮ್ಮ ಜೀಪು ಅದುವರೆಗೆ ಕಂಡಿರಲಿಲ್ಲ. ಗಾಳಿ ಪಕ್ಕದಿಂದ ತಳ್ಳುತ್ತಿತ್ತು. ಸ್ಟೇರಿಂಗಿನಲ್ಲಿ ಅಂಗೈಯಗಲ ಆಟ ಇರುವುದರಿಂದ ನೇರ ಹೋಗಲೂ ಎರಡೂ ಕಡೆ ತಿರುಗಿಸುತ್ತಲೇ ಇರಬೇಕು. ನಲವತ್ತರ ವೇಗಕ್ಕೇ ಬಾಗಿಲಿಲ್ಲದ ಬದಿಯಿಂದ ಪಂಚೆ ಹಾರತೊಡಗಿತು. ಹಿಂದೆ ಸಿಗಂದೂರಿನಿಂದ ಮರಳುವ ಕಾರುಗಳ ಸಾಲು ಹಾರ್ನ್ ಹೊಡೆಯುತ್ತಿತ್ತು. ಅಪ್ಪಯ್ಯ ಕೆಳಗಿನ ನೀರನ್ನೇ ನೋಡುತ್ತಿದ್ದ. ಎಲ್ಲೋ ನಡುವೆ ಒಮ್ಮೆ ಕೈ ತೋರಿಸಿ ಏನೋ ಹೇಳಿದ, ಗಾಳಿಗೆ ಕೇಳಿಸಲಿಲ್ಲ.

ಅಂಬಾರಗೋಡ್ಲಿನಲ್ಲಿ ಬದಿಗೆ ನಿಲ್ಲಿಸಿದೆ. ಅಪ್ಪಯ್ಯ ಕೋಲೂರಿಕೊಂಡು ಇಳಿದು, ಎಂದಿನಂತೆ ಜೀಪಿಗೆ ಒಂದು ಸುತ್ತು ಬಂದ. ನಾಲ್ಕೂ ಚಕ್ರದ ನಡುವಿಗೆ ಒಂದೊಂದಾಗಿ ಅಂಗೈ ಇಟ್ಟು ನೋಡಿದ. ಮೂರು ಬೆಚ್ಚಗಿದ್ದವು. ಹಿಂದಿನ ಎಡಗಡೆಯದಕ್ಕೆ ಇಟ್ಟ ಕೈಯನ್ನು ಚಕ್ಕನೆ ತೆಗೆದ.

"ಬೇರಿಂಗು," ಅಂದ. ಸಾಗರದ ದಾರಿಯನ್ನೊಮ್ಮೆ, ಸೇತುವೆಯನ್ನೊಮ್ಮೆ ನೋಡಿದ. "ಮನೇಲಿ ತೊಳಿಯಕ್ಕೆ ಡೀಸೆಲ್ ಎಷ್ಟಿದೆ?"